ಠಾಣೆಯ ಮೇಜಿನ ಮೇಲಿನ ರೂಪಾಯಿಗಳು

ಬಲಗಣ್ಣಿನ ಸುತ್ತ ಉಂಗುರ ಒತ್ತಿದಂಥ ಗುರುತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಹಾಕಿಕೊಂಡು ನಮ್ಮ ಓನರ್ ತಾತ ಗಂಟೆಗಟ್ಟಲೆ ಕೂರುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಹಳೆಯ ಬೆಳ್ಳಿ ರೂಪಾಯಿಗಳದೇ ಹುಚ್ಚು. ಚನ್ನಪಟ್ಟಣದ ಅವರ ಮನೆಯಲ್ಲಿ ಬಾಡಿಗೆಗಿದ್ದ ನನ್ನನ್ನೂ ಕರೆದು, ಎರಡು ನಾಣ್ಯ ಪಕ್ಕಪಕ್ಕ ಇಟ್ಟು, "ಅದೇ ರಾಣಿ, ಅದೇ ಇಸವಿ. ಆದ್ರೆ ರವಿಕೆ ಮೇಲಿನ ಹೂ ನೋಡವ್ವ, ಬೇರೆ ಐತೆ. ಅಚ್ಚೇ ಬೇರೆ" ಎನ್ನುತ್ತಿದ್ದರು. ಒಲೆಯ ಮೇಲಿನ ಅನ್ನ ಸೀದೀತೆಂದು ನಾನು ಅವಸರದಲ್ಲೇ ತಲೆಯಾಡಿಸುತ್ತಿದ್ದೆ.

ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನನ್ನ ಗಂಡ ಅಲ್ಲಿ ಪಾಯ ತೋಡುವ ಜೆಸಿಬಿ ಓಡಿಸುತ್ತಿದ್ದರು. ಸಾತನೂರಿನವನೊಬ್ಬ ಅಗ್ಗಕ್ಕೆ ಕೊಟ್ಟನೆಂದು, ಮಗಳ ಕಾಲ್ಗೆಜ್ಜೆಗೆ ಕರಗಿಸಲು ಹಿಡಿಯಷ್ಟು ಹಳೆ ರೂಪಾಯಿ ತಂದರು. ಪಾಯದಲ್ಲಿ ಸಿಕ್ಕ ನಿಧಿಯನ್ನು ಮುಚ್ಚಿಟ್ಟಿದ್ದಾನೆಂದು ಯಾರೋ ಸುದ್ದಿ ಹಬ್ಬಿಸಿದರು. ಪೊಲೀಸರು ನಾಣ್ಯಗಳ ಜೊತೆ ಅವರನ್ನೂ ಕರೆದೊಯ್ದರು.

ನಾನು ಅಳುತ್ತಾ ತಾತನ ಬಾಗಿಲಿಗೆ ಹೋದೆ. ಠಾಣೆಗೆ ಹೊರಟ ಅವರಿಗೆ ಹೆಂಡತಿ ಅಡ್ಡ ಬಂದರು. "ನಿಮ್ ತಾವೂ ಹಳೇ ನಾಣ್ಯ ಅವೆ. ನಿಮ್ಮನ್ನೂ ಕೂರಿಸ್ಕೊಂಬುಟ್ರೆ?" ತಾತ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದರು.

ಹಾರೋಹಳ್ಳಿ ಠಾಣೆಯಲ್ಲಿ ಇನ್‌ಸ್ಪೆಕ್ಟರು ನಾಣ್ಯಗಳನ್ನು ಮೇಜಿನ ಮೇಲೆ ಸುರಿದರು. ತಾತ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ಮೊದಲನೆಯದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಅಸಲಿ" ಎಂದರು.

"ತಾತ, ಏನಂದ್ಬುಟ್ರಿ!" ಎಂದೆ. ಇನ್‌ಸ್ಪೆಕ್ಟರು ಅಸಲಿಯಾದರೆ ನಿಧಿಯೇ ಎನ್ನುವಂತೆ ನನ್ನ ಗಂಡನ ಕಡೆ ತಿರುಗಿದರು.

"ಒಸಿ ಇರಿ ಸಾರ್." ತಾತ ಇನ್ನೊಂದನ್ನು ಎತ್ತಿಕೊಂಡರು, ಮತ್ತೊಂದನ್ನು. ಕೊನೆಗೆ ಎಲ್ಲವನ್ನೂ ಸಾಲಾಗಿ ಇಟ್ಟರು.

"ರಾಣಿ ಕೆನ್ನೆ ಮೇಲೆ ಏಟು ಬಿದ್ದಿರೋ ಗುರುತು ಎಲ್ಲಾದ್ರಲ್ಲೂ ಒಂದೇ ಜಾಗದಲ್ಲಿ ಐತೆ ಸಾರ್. ಬೇರೆ ಬೇರೆ ನಾಣ್ಯಕ್ಕೆ ಹಂಗೆ ಏಟು ಬೀಳಕಿಲ್ಲ. ಈ ಅಸಲೀನ ಇಟ್ಟು ಅಚ್ಚು ತೆಗ್ದು, ಮಿಕ್ಕಿದ್ನೆಲ್ಲ ಎರಕ ಹುಯ್ದವ್ರೆ. ಅಂಚಲ್ಲಿ ಅರದಿಂದ ಉಜ್ಜಿರೋ ಗುರುತು ಇನ್ನೂ ಹೊಸದು. ಇದು ನೆಲದಾಗಿದ್ದ ನಿಧಿಯಲ್ಲ. ಈ ಹುಡ್ಗ ಮೋಸ ಹೋಗವ್ನೆ."

ಮಾರನೆಯ ದಿನ ಸಾತನೂರಿನವನ ಮನೆಯಲ್ಲಿ ಎರಕದ ಅಚ್ಚು ಸಿಕ್ಕಿತು. ನನ್ನ ಗಂಡನನ್ನು ಬಿಟ್ಟರು.

ಮನೆಗೆ ಮರಳುವ ಬಸ್ಸಿನಲ್ಲಿ ತಾತ ನನ್ನ ಗಂಡನಿಗೆ ಮೆಲ್ಲಗೆ ಹೇಳಿದರು: "ನಂಗೂ ಭಯ ಆಗಿತ್ತು ಕಣಪ್ಪ. ಅಸಲಿ ಅನ್ನೋವಾಗ ಮಿಕ್ಕಿದ್ದ ಇನ್ನೂ ನೋಡಿರ್ಲಿಲ್ಲ. ಎಲ್ಲಾ ಅಸಲೀನೇ ಆಗಿದ್ರೆ ಅದನ್ನೂ ಹೇಳ್ಬೇಕಾಗಿತ್ತು."

ಕೆಲವು ವರ್ಷಗಳ ಮೇಲೆ ತಾತನನ್ನು ಮಣ್ಣು ಮಾಡಿದ ದಿನ, ಯಾರೂ ಕೇಳುವ ಮೊದಲೇ ನನ್ನ ಗಂಡ ಗುದ್ದಲಿ ಹಿಡಿದು ಗುಣಿಗೆ ಇಳಿದಿದ್ದರು.