ಸುತ್ತುದಾರಿಯಲ್ಲಿ ಇಬ್ಬರು ಅಭ್ಯರ್ಥಿಗಳು

ಕಳೆದ ಚುನಾವಣೆಗೆ ನಾಲ್ಕು ದಿನ ಮೊದಲು, ಕುಂದಲಹಳ್ಳಿ ಸಿಗ್ನಲ್‌ನಲ್ಲಿ ನನ್ನ ಆಟೋದ ಪಕ್ಕ ಒಂದು ಪ್ರಚಾರದ ವ್ಯಾನು ಬಂದು ನಿಂತಿತು. ಕೈಮುಗಿದ ಅಭ್ಯರ್ಥಿಯ ಪೋಸ್ಟರ್ ಒಂದು ಮೂಲೆಯಲ್ಲಿ ಕಿತ್ತು ಬಂದಿತ್ತು. ಅದರಡಿ ‘ಸಿಬ್ಬಂದಿ ವಾಹನ’ ಎಂಬ ಅಕ್ಷರಗಳಿದ್ದವು. “ಏನ್ ಸಾರ್, ಒಬ್ರೇ ನಗ್ತಿದೀರಾ?” ಎಂದರು ಆಟೋದವರು. ಅವರಿಗೆ ಹೇಳಿ ಮುಗಿಸಲು ಆ ಸಿಗ್ನಲ್ ಸಾಲುತ್ತಿರಲಿಲ್ಲ. ನಿಮಗೆ ಹೇಳಬಹುದು, ನೀವು ಮೀಟರ್ ಹಾಕಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಅತ್ತಿಬೆಲೆ ಕಡೆಯ ಸುದ್ದಿ ಬರೆಯುತ್ತಿದ್ದೆ. ಪತ್ರಿಕೆ ನನಗೆ ಗುರುತಿನ ಚೀಟಿ ಕೊಟ್ಟಿತ್ತು, ವಾಹನ ಕೊಟ್ಟಿರಲಿಲ್ಲ. ಆ ಕೊರತೆಯನ್ನು ಅಲ್ಲಿನ ಒಂದು ದೊಡ್ಡ ಕಾರ್ಖಾನೆ ತುಂಬಿಕೊಡುತ್ತಿತ್ತು. ಅವರ ವ್ಯಾನಿನಲ್ಲಿ ಹೋಗಿ, ಅವರ ಕ್ಯಾಂಟೀನಿನಲ್ಲಿ ಉಂಡು, ಬಂದು ನಿಷ್ಪಕ್ಷಪಾತವಾಗಿ ಬರೆಯುತ್ತಿದ್ದೆ. ಊಟ ಚೆನ್ನಾಗಿತ್ತು ಎಂದು ಮಾತ್ರ ಯಾವತ್ತೂ ಬರೆಯಲಿಲ್ಲ. ಅಷ್ಟು ಶಿಸ್ತು ಇತ್ತು.

ಆ ಸಲದ ವಿಧಾನಸಭಾ ಚುನಾವಣೆಯಲ್ಲಿ ಹಾಲಿ ಶಾಸಕರಿಗೂ ಅವರ ಎದುರಾಳಿಗೂ ಕಾರ್ಖಾನೆ ತನ್ನ ಸಿಬ್ಬಂದಿ ವ್ಯಾನುಗಳಲ್ಲಿ ಒಂದೊಂದನ್ನು ಪ್ರಚಾರಕ್ಕೆ ಕೊಟ್ಟಿತು. ಇಬ್ಬರಿಗೂ ಯಾಕೆ ಎಂದು ಮ್ಯಾನೇಜರನ್ನು ಕೇಳಿದೆ. ದಾವಣಗೆರೆ ಕಡೆಯವರು, ಹಣೆಯಲ್ಲಿ ವಿಭೂತಿ, ಮೆಲು ಮಾತು.

“ನೋಡ್ರಿ, ಒಂದು ಬೋಲ್ಟ್ ತರಿಸೋದಾದ್ರೂ ನಾವು ಇಬ್ಬರು ಸಪ್ಲೈಯರ್ ಇಟ್ಕೊಂಡಿರ್ತೀವಿ. ಒಬ್ಬ ಕೈಕೊಟ್ಟ ಅಂತ ಕೆಲಸ ನಿಲ್ಲಬಾರದಲ್ರೀ.”

ಬರೆದುಕೊಂಡೆ. ಕಚೇರಿಗೆ ಕಳಿಸಲಿಲ್ಲ.

ಕಾರ್ಖಾನೆ ಹೀಗೆ ಮುಂಜಾಗ್ರತೆ ವಹಿಸಲು ಒಂದು ಬಂಡಿದಾರಿಯೂ ಕಾರಣ. ಪಕ್ಕದ ಊರಿನಿಂದ ಹೊಲಗಳಿಗೆ ಹೋಗುವ ಆ ದಾರಿ ಕಾರ್ಖಾನೆಯ ಕಾಂಪೌಂಡಿನೊಳಗೆ ಸೇರಿಹೋಗಿತ್ತು. ಊರಿನ ಬಹುಪಾಲು ಜನ ಹೊಲ ಮಾರಿ, ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದರು. ಅವರಿಗೆ ದಾರಿಯ ಅಗತ್ಯವಿರಲಿಲ್ಲ. ಬೇಕಾಗಿದ್ದದ್ದು ಮುನಿಯಮ್ಮನವರಿಗೆ. ಅವರ ಸೊಪ್ಪಿನ ತೋಟ ಗೋಡೆಯಾಚೆ, ಕಾರ್ಖಾನೆಯ ಗೇಟಿನ ಪಕ್ಕ ಇತ್ತು. ಕೊತ್ತಂಬರಿ, ದಂಟಿನ ಬುಟ್ಟಿ ಹೊತ್ತು ಗೋಡೆ ಸುತ್ತಿ ಊರಿಗೆ ಬರುವಷ್ಟರಲ್ಲಿ ಬೆಳಗಿನ ಬಸ್ಸು ಹೋಗಿರುತ್ತಿತ್ತು. ಆಮೇಲೆ ಸೊಪ್ಪು ಬಾಡಿ ಹಸುವಿನ ಪಾಲು. ದಾರಿ ಬಿಡಿಸಿಕೊಡಿ ಎಂದು ತಹಶೀಲ್ದಾರರಿಗೆ ಅರ್ಜಿ ಹಾಕಿದ್ದರು. ಬಿಡಿಸದಿದ್ದರೆ ತೋಟ ಮಾರಬೇಕಿತ್ತು. ಕೊಳ್ಳಲು ಕಾರ್ಖಾನೆ ತಯಾರಾಗಿತ್ತು.

ಪ್ರಚಾರದ ಒಂದು ಸಂಜೆ ಎರಡೂ ವ್ಯಾನುಗಳು ಆ ಊರಿನ ಅರಳಿಕಟ್ಟೆಗೇ ಬಂದವು. ದಿನಾ ಸಿಬ್ಬಂದಿಯನ್ನು ಹತ್ತಿಸಿಕೊಳ್ಳುವ ಜಾಗ. ಚಾಲಕರ ಕೈ ತಾನಾಗಿ ತಿರುಗಿತ್ತು. ಕಟ್ಟೆಯ ಆ ಬದಿ ಶಾಸಕರು, ಈ ಬದಿ ಎದುರಾಳಿ, ತಂತಮ್ಮ ಮೈಕಿನಲ್ಲಿ ಪರಸ್ಪರರನ್ನು ಬಂಡವಾಳಶಾಹಿಗಳ ಕೈಗೊಂಬೆ ಎನ್ನುತ್ತಿದ್ದರು. ಐದು ಗಂಟೆ ಹತ್ತಿರವಾದಾಗ ಶಾಸಕರ ಚಾಲಕ ಸಂಪಂಗಿ ಎಂಜಿನ್ ಶುರು ಮಾಡಿದ.

“ಇಳೀರಣ್ಣ. ಜನರಲ್ ಶಿಫ್ಟ್ ಬಿಡೋ ಟೈಮು.”

“ಭಾಷಣ ಮುಗಿದಿಲ್ಲ ಕಣಯ್ಯಾ!”

“ಲೇಟಾದ್ರೆ ಮೆಮೊ ಕೊಡೋದು ನಂಗಣ್ಣ, ನಿಮಗಲ್ಲ.”

ಶಾಸಕರು ಇಳಿದರು. ಆ ಬದಿಯಲ್ಲಿ ಎದುರಾಳಿಯೂ ಇಳಿಯುತ್ತಿದ್ದರು. ಮೈಕುಗಳು ವ್ಯಾನಿನ ತಲೆಯ ಮೇಲಿದ್ದುದರಿಂದ ಅವೂ ಹೊರಟವು. ಕಾಲ್ನಡಿಗೆ ಇಷ್ಟವಿಲ್ಲದ ಕಾರ್ಯಕರ್ತರು ಪಕ್ಷಭೇದವಿಲ್ಲದೆ ಹತ್ತಿಕೊಂಡರು. ಉಳಿದವರು ಇಬ್ಬರು ಅಭ್ಯರ್ಥಿಗಳು, ನಾನು, ಖಾಲಿ ಬುಟ್ಟಿಯ ಮುನಿಯಮ್ಮ.

“ಗಾಡಿ ಬೇಕಂದ್ರೆ ಗೇಟ್ಗೇ ಓಗ್ಬೇಕಲ್ಲ. ರಸ್ತೇಲಾದ್ರೆ ಇನ್ನೂ ದೂರ. ಬನ್ರಪ್ಪಾ, ನಾನ್ ಓಗೋ ದಾರೀಲೇ ಓಗಾನ,” ಎಂದರು ಅವರು.

ಗೋಡೆ ಮುಗಿಯುವಂತೆ ಕಾಣಲಿಲ್ಲ. ಜಾಲಿ ಮುಳ್ಳು, ಕಾರ್ಖಾನೆಯ ಮೋರಿ. ಮೋರಿ ದಾಟುವಾಗ ಎದುರಾಳಿ ಶಾಸಕರ ಮೊಣಕೈ ಹಿಡಿದು, “ಜೋಪಾನ ಅಣ್ಣ, ಜಾರುತ್ತೆ,” ಎಂದರು.

“ದಿನಾ ಎಲ್ಡ್ ಸಲ ನಡೀತೀನಿ, ತಲೆ ಮ್ಯಾಲೆ ಬುಟ್ಟಿ ಮಡಿಕ್ಕೊಂಡು. ನಿಮ್ಗೆ ಬರೀ ಕೈಯಾಗೇ ಏದುಸ್ರಾ?” ಎಂದರು ಮುನಿಯಮ್ಮ.

“ದಾರಿ ಬಿಡಿಸಿಕೊಡ್ತೀವಮ್ಮ,” ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಆ ಚುನಾವಣೆಯಲ್ಲಿ ಅವರು ಒಪ್ಪಿಕೊಂಡ ಒಂದೇ ವಿಷಯ.

ಗೇಟಿನ ಕಾವಲುಗಾರ ಇಬ್ಬರಿಗೂ ಸಲ್ಯೂಟ್ ಹೊಡೆದು ಬಾಗಿಲು ತೆಗೆದ. ನನ್ನನ್ನೂ ಬಿಟ್ಟ. ಮುನಿಯಮ್ಮನವರಿಗೆ, “ಪಾಸ್ ಇಲ್ದೆ ಬಿಡಲ್ಲಮ್ಮ,” ಎಂದ. ಒಳಗೆ ಟೀ ಬಂತು, ಖಾರದ ಬನ್ನು ಬಂತು. ನಮ್ಮ ಕಚೇರಿಗೆ ಸುದ್ದಿ ಹೇಳಲು ಇದ್ದ ಒಂದೇ ಫೋನು ಮ್ಯಾನೇಜರ ಮೇಜಿನ ಮೇಲಿತ್ತು. ಅವರು ಎದುರಿಗೇ ಕೂತು ಯಾವುದೋ ಕಾಗದ ನೋಡುತ್ತಿದ್ದರು. ನಾನು ವ್ಯಾನುಗಳ ಸಂಗತಿ ಬಿಟ್ಟೆ. ಮುಳ್ಳು, ಮೋರಿ, ಗೇಟನ್ನೂ ಬಿಟ್ಟೆ. ಪೈಪೋಟಿ ಮರೆತ ಇಬ್ಬರು ಅಭ್ಯರ್ಥಿಗಳು ಗೋಡೆ ಬದಿಯ ದಾರಿಯಲ್ಲಿ ರೈತ ಮಹಿಳೆಯೊಂದಿಗೆ ಹೆಜ್ಜೆ ಹಾಕಿದರು ಎಂದು ಹೇಳಿ ಫೋನಿಟ್ಟೆ. ಒಂದು ಪದವೂ ಸುಳ್ಳಲ್ಲ.

ಶಾಸಕರೇ ಮತ್ತೆ ಗೆದ್ದರು. ಕೆಲವು ತಿಂಗಳ ಮೇಲೆ ಮುನಿಯಮ್ಮ ತಹಶೀಲ್ದಾರರ ಆದೇಶವನ್ನು ಓದಿಸಲು ನನ್ನ ಬಳಿ ತಂದರು. ಗೋಡೆಯ ಸುತ್ತ ಪರ್ಯಾಯ ದಾರಿ ಬಳಕೆಯಲ್ಲಿದೆ. ಗಣ್ಯರೂ ಓಡಾಡುವಷ್ಟು ಸುಗಮವಾಗಿದೆ. ಆದ್ದರಿಂದ ಅರ್ಜಿ ವಜಾ. ಆಧಾರ: ಲಗತ್ತಿಸಿದ ಪತ್ರಿಕಾ ವರದಿ.

“ಯಾರಪ್ಪಾ ಅದ್ನ ಬರ್ದೋರು?”

“ನಮ್ಮ ಪತ್ರಿಕೇಲಿ ಬಂದಿದೆ,” ಎಂದೆ. ಅದೂ ಸುಳ್ಳಲ್ಲ.

ಮುನಿಯಮ್ಮ ಅರ್ಧ ತೋಟ ಮಾರಿದರು. ಅವರು ತೀರಿಕೊಂಡ ಮೇಲೆ ಉಳಿದರ್ಧದಲ್ಲಿ ಮಗಳು ಸೊಪ್ಪು ಬೆಳೆಯುತ್ತಿದ್ದಾರೆ; ಅದೇ ದಾರಿಗೆ ಮತ್ತೆ ಅರ್ಜಿ ಹಾಕಿದ್ದಾರೆ. ಹೋದ ತಿಂಗಳ ವಿಚಾರಣೆಗೆ ನಾನೂ ಹೋದೆ. ಆ ವರದಿ ಬರೆದವನು ನಾನೇ ಎಂದು, ಅದರಲ್ಲಿ ಏನೇನು ಬಿಟ್ಟಿದ್ದೆ ಎಂದು ಎರಡು ಪುಟ ಬರೆದು ಸಹಿ ಹಾಕಿ ಕೊಟ್ಟೆ. ಮಗಳು ಅದನ್ನು ನಿಂತೇ ಪೂರ್ತಿ ಓದಿದರು. ಓದಿ ಗುಮಾಸ್ತರ ಮುಂದಿಟ್ಟರು. ಗುಮಾಸ್ತರು ಹಾಳೆಗಳನ್ನು ಕಡತಕ್ಕೆ ಸೇರಿಸಿಕೊಂಡರು. ಕಾರ್ಖಾನೆಯ ವಕೀಲರು ಸಮಯ ಕೇಳಿದ್ದರಿಂದ ವಿಚಾರಣೆ ಮುಂದಕ್ಕೆ ಹೋಗಿದೆ.