ಐದು ಸಿಕ್ಕಿದ ಮೇಲೆ ಮುಚ್ಚಿದ ರಿಜಿಸ್ಟರ್

ಕುವೈತಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ನಾನು ರೋಗಿಗಳ ಫೈಲು ನೋಡಿಕೊಳ್ಳುತ್ತಿದ್ದೆ. ಹೊಸದಾಗಿ ಬಂದವರಿಗೆ ಮೊದಲ ದಿನವೇ ನಾವು ಹೇಳಿಕೊಡುತ್ತಿದ್ದ ಪಾಠ ಒಂದೇ: ಹೆಸರನ್ನು ನಂಬಬೇಡ. ಒಂದೇ ಹೆಸರಿನವರು, ಅಪ್ಪನ ಹೆಸರೂ ಒಂದೇ ಆಗಿರುವವರು, ಒಂದೊಂದು ಕಪಾಟಿನಲ್ಲಿ ಹತ್ತು ಮಂದಿ ಸಿಗುತ್ತಾರೆ. ಸಿವಿಲ್ ಐಡಿ ನಂಬರು ನೋಡು, ಹುಟ್ಟಿದ ದಿನ ನೋಡು, ಆಮೇಲೆ ಫೈಲು ಕೊಡು. ಎಷ್ಟೋ ಹುಡುಗಿಯರಿಗೆ ಇದನ್ನು ಗದರಿಸಿ ಕಲಿಸಿದ್ದೇನೆ. ದೀಪದ ಬುಡದಲ್ಲೇ ಕತ್ತಲೆ ಎನ್ನುವ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ನನ್ನ ತಾಯಿಯ ಅಪ್ಪ ಘಟ್ಟದ ಬುಡದ ಒಂದು ಗುಡ್ಡಕ್ಕೆ ಮೊದಲು ಗುದ್ದಲಿ ಹಾಕಿದವರು. ಅವರಿಗಿಂತ ಮೊದಲು ಅಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ. ಧಣಿಯಿಂದ ಗೇಣಿಗೆ ಹಿಡಿದು, ಕಾಡು ಕಡಿದು, ಮರಗೆಣಸು ನೆಟ್ಟು, ನೀರಿಗಾಗಿ ಗುಡ್ಡದ ಒಳಗೆ ಸುರಂಗ ಕೊರೆದರು. ಹತ್ತು ವರ್ಷ ದುಡಿದ ಮೇಲೆ ಸುರಂಗದಲ್ಲಿ ನೀರು ಕಂಡಿತು. ಮರುವರ್ಷದ ಮಳೆಗಾಲದಲ್ಲಿ ಚಳಿಜ್ವರ ಬಂದು ಅಜ್ಜಿ, ಅಜ್ಜ ಒಂದೇ ತಿಂಗಳಲ್ಲಿ ಹೋದರು. ನೆಲ ಧಣಿಗೆ ಹೋಯಿತು, ಗುಡ್ಡ ಮತ್ತೆ ಕಾಡಾಯಿತು.

ಉಳಿದದ್ದು ಐದು ಮಕ್ಕಳು. ನನ್ನ ತಾಯಿಯೇ ಹಿರಿಯವಳು, ಆಗ ಹತ್ತು ವರ್ಷ. ನಮ್ಮ ಕ್ರಿಸ್ತುವರಲ್ಲಿ ಒಂದು ಪದ್ಧತಿಯಿದೆ. ಮಗುವಿಗೆ ಇಗರ್ಜಿಯಲ್ಲಿ ಜ್ಞಾನಸ್ನಾನ ಮಾಡಿಸುವಾಗ ಅದನ್ನು ಎತ್ತಿ ನಿಂತ ಗಂಡಸು, ಹೆಂಗಸು ಆ ಮಗುವಿಗೆ ಎರಡನೆಯ ತಂದೆತಾಯಿ. ಹೆತ್ತವರು ಹೋದರೆ ಭಾರ ಅವರದು. ಹಾಗೆ ಐದು ಮಕ್ಕಳನ್ನು ಐದು ಮನೆಯವರು ಬಂದು ಕರೆದುಕೊಂಡು ಹೋದರು. ತಮ್ಮತಂಗಿಯರಲ್ಲಿ ಕೊನೆಯದಾಗಿ ಹೋದವನು ಎಲ್ಲರಿಗಿಂತ ಚಿಕ್ಕವನು, ಮೂರು ವರ್ಷದವನು. ನನ್ನ ತಾಯಿಯ ಸೊಂಟದಿಂದ ಇಳಿಯಲು ಒಪ್ಪದೆ ಅತ್ತನಂತೆ. "ಬರುವ ಆಯಿತಾರ ಬರ್ತೇನೆ ಅಂತ ಹೇಳಿ ಕೈ ಬಿಡಿಸಿದೆ ಬಾಯೆ" ಎಂದು ತಾಯಿ ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಯಾವ ಊರಿಗೆ ಕರೆದುಕೊಂಡು ಹೋದರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಅವನನ್ನು ಒಮ್ಮೆ ನೋಡಬೇಕು.

ತೊಂಬತ್ತರ ದಶಕದ ಕೊನೆಗೆ ನಾನು ಇದನ್ನು ತಲೆಗೆ ಹಚ್ಚಿಕೊಂಡೆ. ರಜೆಯಲ್ಲಿ ಊರಿಗೆ ಹೋದಾಗ ಹಳೆಯ ಇಗರ್ಜಿಗೆ ಹೋಗಿ ಜ್ಞಾನಸ್ನಾನದ ರಿಜಿಸ್ಟರ್ ತೆಗೆಸಿದೆ. ಅದರಲ್ಲಿ ಮಗುವಿನ ಹೆಸರಿನ ಪಕ್ಕ ಎತ್ತಿ ನಿಂತವರ ಹೆಸರೂ ಊರೂ ಇರುತ್ತದೆ. ಅಂದರೆ ಯಾವ ಮಗು ಯಾವ ಮನೆಗೆ ಹೋಯಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಐದು ಹೆಸರು ಹುಡುಕಿಕೊಂಡು ಹೋಗಿದ್ದೆ, ಐದು ಸಿಕ್ಕಿತು. ಐದನೆಯವನು ತಾಯಿ ಹೇಳಿದ ಹೆಸರಿನವನೇ. ಆದರೆ ಮರಣದ ರಿಜಿಸ್ಟರಿನಲ್ಲೂ ಅದೇ ಹೆಸರು, ಅದೇ ತಂದೆತಾಯಿ, ವಯಸ್ಸು ಹನ್ನೊಂದು ತಿಂಗಳು. ಮಧ್ಯಾಹ್ನದ ಗಂಟೆ ಹೊಡೆಯಿತು, ಗುಮಾಸ್ತರು ಬೀಗದ ಕೈ ಅಲ್ಲಾಡಿಸುತ್ತ ನಿಂತಿದ್ದರು. ರಿಜಿಸ್ಟರ್ ಮುಚ್ಚಿದೆ.

ಮನೆಗೆ ಬಂದು ತಾಯಿಗೆ ಹೇಳಿದೆ.

"ಹನ್ನೊಂದು ತಿಂಗಳಾ? ಇಲ್ಲ ಬಾಯೆ. ಅವನು ನಡೀತಿದ್ದ. ಸುರಂಗದ ಬಾಯಿಗೆ ಬಂದು ನನ್ನನ್ನು ಕೂಗ್ತಿದ್ದ."

"ನೀನು ಎತ್ತಿಕೊಂಡದ್ದು ಅವನ ಮೇಲಿನವನನ್ನು ಇರಬೇಕು ಮಾಯ್. ಬೇರೆ ಬೇರೆ ನೆನಪು ಸೇರಿಹೋಗಿದೆ."

"ಒಂದು ಸಣ್ಣ ಪೆಟ್ಟಿಗೆ ಮಣ್ಣಿಗೆ ಇಟ್ಟ ನೆನಪು ಉಂಟು. ಹೌದು. ಆದ್ರೆ ಅವನು..."

"ಇಗರ್ಜಿಯ ಪುಸ್ತಕದಲ್ಲಿ ಬರೆದಿದೆ. ಖಲಾಸ್" ಎಂದೆ. ನಮ್ಮ ವಿಭಾಗದ ಈಜಿಪ್ಟಿನ ಮುಖ್ಯಸ್ಥರು ಫೈಲು ಮುಚ್ಚುವಾಗ ಹೇಳುತ್ತಿದ್ದ ಮಾತು ಅದು. ಹೆತ್ತ ತಾಯಿಗೆ ಹೇಳುವ ಮಾತಲ್ಲ. ಅಂದಿನಿಂದ ಅವಳು ಸೊಂಟದ ಕಥೆ ಹೇಳುವುದನ್ನು ಬಿಟ್ಟಳು. ವರ್ಷ ವರ್ಷ ತಮ್ಮನ ಆತ್ಮಕ್ಕೆಂದು ಇಗರ್ಜಿಯಲ್ಲಿ ಪೂಜೆ ಹೇಳಿಸತೊಡಗಿದಳು.

ನಾನಂತೂ ಹೆಮ್ಮೆಯಿಂದ ಕುವೈತಿನ ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲ್ಯಾಟಿಗೆ ಮರಳಿ, ಹಳೆಯ ಎಕ್ಸ್‌ರೇ ಲಕೋಟೆಗಳನ್ನು ಬಿಡಿಸಿ ಅಂಟಿಸಿ, ಗೋಡೆಯಗಲ ವಂಶವೃಕ್ಷ ಬರೆದೆ. ಮುಂದಿನ ರಜೆಗಳಲ್ಲಿ ಉಳಿದ ಮೂವರ ಜಾಡು ಹಿಡಿದೆ. ಮೂವರೂ ತೀರಿಕೊಂಡಿದ್ದರು. ಅವರ ಮಕ್ಕಳು ಮುಂಬೈಯಲ್ಲಿ, ಚಿಕ್ಕಮಗಳೂರಿನಲ್ಲಿ ಸಿಕ್ಕರು, ಪತ್ರ ಬರೆದರು, ಫೋಟೋ ಕಳಿಸಿದರು. ಐದನೆಯ ಹೆಸರಿನ ಪಕ್ಕ ಮಾತ್ರ ಕಪ್ಪು ಶಾಯಿಯ ಶಿಲುಬೆ. "ಎಲ್ಲಾ ಡೆಡ್ ಪೀಪಲ್ ಯಾಕೆ ಮಮ್ಮಾ ಹಾಲ್‌ನಲ್ಲಿ?" ಎಂದು ನನ್ನ ಮಗಳು ಕೇಳಿದ್ದಕ್ಕೆ ಪಿತ್ತ ನೆತ್ತಿಗೇರಿ ಬೈದಿದ್ದೆ.

ಒಂಬತ್ತು ವರ್ಷ ಹೀಗೇ ಹೋಯಿತು. ಒಂದು ದಿನ ನಮ್ಮ ಆಸ್ಪತ್ರೆಗೆ ಹೊಸದಾಗಿ ಸೇರಿದ ಮಂಗಳೂರಿನ ನರ್ಸ್ ಒಬ್ಬಳು ನನ್ನ ಮೇಜಿನ ಹತ್ತಿರ ಬಂದಳು. ಅವಳ ಮಾವ, ಗಂಡನ ಅಪ್ಪ, ಊರಿನಲ್ಲಿ ತೀರಿಕೊಂಡು ತಿಂಗಳಾಗಿತ್ತು. "ಶುಕ್ರವಾರ ಫಹಾಹೀಲ್‌ನ ನಮ್ಮ ಮನೆಯಲ್ಲಿ ಪ್ರಾರ್ಥನೆ ಉಂಟು, ಆಂಟಿ. ನಮ್ಮವರು ನಾಲ್ಕು ಜನ ಬಂದ್ರೆ ಚಂದ" ಎಂದಳು. ಸಾವಿನ ಮನೆಯ ಕರೆಗೆ ಇಲ್ಲ ಎನ್ನಬಾರದು. ಹೋದೆ.

ಪ್ರಾರ್ಥನೆ ಮುಗಿದ ಮೇಲೆ, ವಾಡಿಕೆಯಂತೆ, ತೀರಿಕೊಂಡವರ ಚಿತ್ರವಿರುವ ಸಣ್ಣ ಕಾರ್ಡನ್ನು ಎಲ್ಲರಿಗೂ ಹಂಚಿದರು. ಹೆಸರು ನೋಡಿ ಏನೂ ಅನ್ನಿಸಲಿಲ್ಲ, ನಮ್ಮ ಇಗರ್ಜಿಯಲ್ಲಿ ಅರ್ಧ ಗಂಡಸರಿಗೆ ಅದೇ ಹೆಸರು. ಕೆಳಗಿನ ಸಾಲು ಓದಿದೆ. ಹುಟ್ಟಿದ ಊರು ಎಂದು ನನ್ನ ಅಜ್ಜನ ಗುಡ್ಡದ ಹೆಸರಿತ್ತು.

ಆ ಗುಡ್ಡದಲ್ಲಿ ನಮ್ಮವರಲ್ಲದೆ ಇನ್ಯಾರೂ ಹುಟ್ಟಿಲ್ಲ.

ಚಹಾದ ಕಪ್ಪು ಕೆಳಗಿಟ್ಟೆ. ನರ್ಸನ್ನು ಅಡುಗೆಮನೆಗೆ ಕರೆದು ಈ ಹೆಸರನ್ನು ಯಾರು ಹಾಕಿಸಿದ್ದು ಎಂದು ಕೇಳಿದೆ.

"ಮಾವನೇ ಹೇಳಿದ್ದು ಆಂಟಿ. ನಾನು ಸತ್ತ ಮೇಲೆ ಕಾರ್ಡಲ್ಲಿ ಆ ಗುಡ್ಡದ ಹೆಸರು ಹಾಕ್ಲೇಬೇಕು, ಓದಿದವರು ಯಾರಾದ್ರೂ ಬರ್ಬಹುದು ಅಂತ. ಅವರಿಗೆ ಒಬ್ಬಳು ಅಕ್ಕ ಇದ್ದಳಂತೆ. ಆಯಿತಾರ ಬರ್ತೇನೆ ಅಂತ ಹೇಳಿ ಕಳಿಸಿದವಳಂತೆ. ಆಯಿತಾರ ಆದ್ರೆ ಬೇಗ ಎದ್ದು ಇಸ್ತ್ರಿ ಅಂಗಿ ಹಾಕಿ ಕೂತ್ಕೊಳ್ತಿದ್ರು. ನಾವು ತಮಾಷೆ ಮಾಡ್ತಿದ್ದೆವು, ಅವರೂ ನಗ್ತಿದ್ರು. ಆದ್ರೆ ಕೂತ್ಕೊಳ್ಳೋದು ಬಿಡ್ಲಿಲ್ಲ."

ಎರಡು ವರ್ಷದ ಹಿಂದೆ ಅವರು ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದು ಮೂರು ತಿಂಗಳು ಫಹಾಹೀಲ್‌ನಲ್ಲಿದ್ದರಂತೆ. ವಾರದ ರಜೆಯಾದ ಪ್ರತಿ ಶುಕ್ರವಾರ ಪಟ್ಟಣದ ಇಗರ್ಜಿಗೆ ಬಂದು, ಪೂಜೆ ಮುಗಿದ ಮೇಲೆ ಅದರ ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಊರಿನವರೆಂದು ಕಂಡವರನ್ನೆಲ್ಲ ಯಾವ ಊರು ಎಂದು ವಿಚಾರಿಸುತ್ತಿದ್ದರಂತೆ. ನಾನು ಹೋಗುತ್ತಿದ್ದದ್ದೂ ಅದೇ ಇಗರ್ಜಿಗೆ. ಬಸ್ಸು ತಪ್ಪೀತೆಂದು ಅದೇ ಗೇಟಿನಿಂದ ಯಾರ ಮುಖವನ್ನೂ ನೋಡದೆ ಓಡುತ್ತಿದ್ದವಳು ನಾನು.

ಮರುದಿನವೇ ಊರಿನಲ್ಲಿರುವ ನನ್ನ ಅಣ್ಣನನ್ನು ಆ ಹಳೆಯ ಇಗರ್ಜಿಗೆ ಕಳಿಸಿದೆ. ನಾನು ಮುಚ್ಚಿದ ಪುಟದಿಂದ ನಾಲ್ಕು ಪುಟದಾಚೆ ಆರನೆಯ ಮಗು ಇತ್ತು. ಅದೇ ಹೆಸರು. ಹೆಂಡತಿಯ ತಂದೆಯ ಹೆಸರನ್ನು ಮಗನೊಬ್ಬನಿಗೆ ಇಡಲೇಬೇಕು ಎನ್ನುವವರು ನಾವು. ಹೆಸರು ಹೊತ್ತ ಮಗು ಸತ್ತರೆ ಹೆಸರು ಸಾಯಬಾರದೆಂದು ಮುಂದೆ ಹುಟ್ಟಿದವನಿಗೆ ಅದನ್ನೇ ಇಡುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಸತ್ತ ಹಸುಗೂಸಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ, ತಾಯಿಯ ನೆನಪಿನಲ್ಲಿ ಇಬ್ಬರೂ ಒಬ್ಬನೇ ಆಗಿದ್ದರು. ಆಸ್ಪತ್ರೆಯಲ್ಲಿ ಯಾವ ಹುಡುಗಿಯಾದರೂ ಹೀಗೆ ಇಬ್ಬರನ್ನು ಒಂದೇ ಫೈಲಿಗೆ ಸೇರಿಸಿದ್ದರೆ ನಾನು ಅವಳನ್ನು ಅಳಿಸದೆ ಬಿಡುತ್ತಿರಲಿಲ್ಲ. ಅಂದು ಗೋಡೆಯ ಮುಂದೆ ನಿಂತು ನಾನೇ ಅತ್ತೆ.

ತಾಯಿಗೆ ಹೇಳಬಾರದು ಎಂದು ಗಂಡ ಹೇಳಿದ. ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಮುಂದಿನ ಶುಕ್ರವಾರ ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ: ನನ್ನದು ತಪ್ಪು, ಅವರು ಬದುಕಿದ್ದರು, ಮದುವೆಯಾಗಿ ಮೊಮ್ಮಕ್ಕಳನ್ನು ಕಂಡರು, ಈಗ ಇಲ್ಲ. ಬೈಯಲಿ ಎಂದು ಕಾದೆ.

"ಹಾಗಾದ್ರೆ ನನ್ನ ಸೊಂಟದ ಮೇಲೆ ಇದ್ದದ್ದು ಅವನೇ ಅಲ್ವಾ ಬಾಯೆ?" ಎಂದಳು.

"ಅವರೇ ಮಾಯ್."

"ನನಗೇ ತಲೆ ಕೆಟ್ಟಿದೆ ಅಂತ ಗ್ರಹಿಸಿದ್ದೆ, ಇಷ್ಟು ವರ್ಷ."

ಆಮೇಲೆ ಮೆಲ್ಲಗೆ ಕೇಳಿದಳು, "ಅವನಿಗೆ ಆಯಿತಾರದ್ದು ನೆನಪಿತ್ತಾ?"

ಜೀವಮಾನವೆಲ್ಲ ಬರೆದದ್ದನ್ನು ಬರೆದ ಹಾಗೇ ಓದಿ ಹೇಳಿದವಳು ನಾನು. ಇಸ್ತ್ರಿ ಅಂಗಿ ಕಣ್ಣಮುಂದೆ ಬಂತು.

"ಇಲ್ಲ ಮಾಯ್. ತೀರಾ ಸಣ್ಣವರಿದ್ರಲ್ಲ, ಏನೂ ನೆನಪಿರಲಿಲ್ಲವಂತೆ."

"ಒಳ್ಳೆದಾಯ್ತು" ಎಂದಳು ನನ್ನ ತಾಯಿ. "ನೆನಪಿದ್ದಿದ್ರೆ ಪಾಪ, ಕಾಯ್ತಿದ್ದ."