ಏಳನೆಯ ದಿನದ ಹಾಜರಿ

ನಮ್ಮ ಹೆಡ್‌ಮಾಸ್ತರರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಕುಷ್ಟಗಿ ತಾಲ್ಲೂಕಿನ ಆ ಹಳ್ಳಿಯ ಶಾಲೆಯಲ್ಲಿ ನಾನು ಏಳನೇ ತರಗತಿಯ ಟೀಚರ್. ಅವರು ದಿನಾ ಕೊಪ್ಪಳದಿಂದ ಬಸ್ಸಿಗೆ ಬಂದು, ಮಕ್ಕಳ ಮುಖ ನೋಡುವ ಮೊದಲು ಹಾಜರಿ ಪುಸ್ತಕ ನೋಡುತ್ತಿದ್ದರು. ಒಂದು ಮಗು ಸತತ ಏಳು ದಿನ ಬಾರದಿದ್ದರೆ ಅದರ ಹೆಸರು ಮೊಬೈಲಿನ ಹಾಜರಿ ಆ್ಯಪಿನಲ್ಲಿ ಕೆಂಪಾಗಿ ತಾಲ್ಲೂಕು ಶಿಕ್ಷಣ ಕಚೇರಿಗೆ ಹೋಗುತ್ತಿತ್ತು. ಹಾಗೆ ಹೋಗದಿರಲೆಂದು ನಮ್ಮಲ್ಲೊಂದು ರೂಢಿ: ಆರು ದಿನ ಗೈರು, ಏಳನೆಯ ದಿನ ಹಾಜರಿ. ಮಗು ಬರಲಿ, ಬಿಡಲಿ.

ನಾನು ಮೊದಮೊದಲು ತಕರಾರು ತೆಗೆದೆ.

"ಟೀಚರ್, ಒಂದ್ ಹಾಜರಿ ಹಾಕಿದ್ರ ನಿಮ್ಮ ಗಂಟೇನ್ ಹೋಗ್ತೈತ್ರಿ? ನೋಟಿಸ್ ಬಂದ್ರ ಭಾಳ ಛಲೋ ಏನ್ರಿ?" ಅಂದರು ಹೆಡ್‌ಮಾಸ್ತರರು.

ನನ್ನ ಗಂಟೇನೂ ಹೋಗಲಿಲ್ಲ. ಹಾಕಿದೆ.

ಶ್ರಾವಣ ಮುಗಿಯುತ್ತಲೇ ನಮ್ಮ ಕಡೆ ಬೀಜದ ಹತ್ತಿಯ ಹೊಲಗಳಲ್ಲಿ ಕ್ರಾಸಿಂಗ್ ಶುರು. ಗಂಡು ಹೂವನ್ನು ಹೆಣ್ಣು ಹೂವಿಗೆ ಕೈಯಿಂದ ಒಂದೊಂದಾಗಿ ಸವರುವ ಕೆಲಸ. ಅದಕ್ಕೆ ಸಣ್ಣ ಬೆರಳಿನ ಹುಡುಗಿಯರೇ ಬೇಕಂತೆ. ಹೊಲದವರ ಟಂಟಂ ಆಟೊ ಬೆಳಗ್ಗೆ ಎಂಟಕ್ಕೆ ಬಂದು ಅವರನ್ನು ತುಂಬಿಕೊಂಡು ಹೋಗುತ್ತಿತ್ತು. ನನ್ನ ತರಗತಿಯಲ್ಲಿ ಒಬ್ಬಳಿದ್ದಳು, ಬೋರ್ಡಿನ ಮೇಲೆ ನಾನು ಲೆಕ್ಕ ತಪ್ಪಿದರೆ ಎದ್ದು ನಿಂತು ತೋರಿಸುವವಳು. ಅವಳೂ ಹೋದಳು. ಅವಳ ಹೆಸರಿನ ಮುಂದೆ ಮೂರು ಸಲ ಏಳನೆಯ ದಿನದ ಹಾಜರಿ ಹಾಕಿದವಳು ನಾನೇ. ಹುಡುಗಿಯ ಹೆಸರು ಕೆಡದಿರಲಿ ಎಂಬ ಕಾಳಜಿ ಅಂದುಕೊಂಡೆ. ಸುಳ್ಳು, ನನಗಿದ್ದದ್ದು ನೋಟಿಸಿನ ಹೆದರಿಕೆ.

ಆರನೇ ತರಗತಿಯ ಮಾಸ್ತರು ಮಹಾ ಮೈಗಳ್ಳ. ಸುಳ್ಳು ಬರೆಯಲೂ ಅವರಿಗೆ ಬೇಸರ. ಹೀಗಾಗಿ ಅವರ ತರಗತಿಯ ಐದು ಹುಡುಗಿಯರ ಹೆಸರು ಕೆಂಪಾಗಿ ಕಚೇರಿಗೆ ಹೋದವು. ಒಂದು ಬೆಳಗ್ಗೆ ಏಳಕ್ಕೇ ತಾಲ್ಲೂಕಿನ ಅಧಿಕಾರಿಯೊಬ್ಬರು ಆ ಪಟ್ಟಿ ಹಿಡಿದು ಬಂದರು. ಮಿರಮಿರ ಬೂಟು, ಬಾಯಿ ತೆರೆದರೆ ಜಂಬ. ಕಂಡರೇ ಮೈ ಉರಿಯುತ್ತಿತ್ತು. ಆದರೂ ಕೆಲಸ ಮಾಡಿದರು, ಅದನ್ನು ಇಲ್ಲ ಅನ್ನಲಾರೆ. ಊರಲ್ಲೇ ಇರುವವಳೆಂದು ನನ್ನನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ನಡೆದು ತಾಯಂದಿರನ್ನು ಒಪ್ಪಿಸಿದರು. ನಾಲ್ಕನೆಯ ಮನೆಗೂ ಐದನೆಯದಕ್ಕೂ ನಡುವೆ ನನ್ನ ತರಗತಿಯ ಆ ಹುಡುಗಿಯ ಮನೆ. ಅಲ್ಲಿ ನಾನು ಬಾಯಿ ಬಿಟ್ಟಿದ್ದರೆ ಹಾಜರಿ ಪುಸ್ತಕದ ಬಂಡವಾಳ ಬಯಲಾಗುತ್ತಿತ್ತು. "ಮುಂದಿನ ಮನಿ ಈ ಕಡೆ ಐತ್ರಿ ಸರ್" ಎಂದು ಕೈ ತೋರಿಸಿ ಬಿರಬಿರನೆ ನಡೆದೆ.

ಎಂಟಕ್ಕೆ ಟಂಟಂ ಬಂತು. ಅಧಿಕಾರಿ ಪಟ್ಟಿಯ ಒಂದು ಪ್ರತಿಯನ್ನು ಚಾಲಕನ ಕೈಗೆ ತುರುಕಿದರು.

"ಇದರಾಗಿನ ಹುಡುಗ್ಯಾರು ನಿನ್ನ ಗಾಡ್ಯಾಗ ಕಂಡ್ರ, ಗಾಡಿ ಠಾಣೇದಾಗ ಇರ್ತೈತಿ ನೋಡು!"

ಐದೂ ಹುಡುಗಿಯರು ಶಾಲೆಗೆ ಮರಳಿದರು. ಹೆಡ್‌ಮಾಸ್ತರರು ಅವರ ನಡುವೆ ನಿಂತು, ತಾವೇ ಕರೆತಂದವರಂತೆ ಹಲ್ಲು ಕಿರಿದು ಫೋಟೊ ತೆಗೆಸಿಕೊಂಡರು. ಚಾಲಕನೂ ಪಟ್ಟಿಯಂತೆಯೇ ನಡೆದ. ಪಟ್ಟಿಯಲ್ಲಿಲ್ಲದವಳನ್ನು ದಿನಾ ಹತ್ತಿಸಿಕೊಂಡು ಹೋದ.

ದೀಪಾವಳಿ ಕಳೆದ ಮೇಲೆ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ನನಗೆ ನಾಚಿಕೆಯಾದರೂ ಇರಬೇಕಿತ್ತು. ಟೀಚರ್ ಗತ್ತಿನಲ್ಲೇ ಕೇಳಿದೆ.

"ಯಾಕವಾ, ಸಾಲಿ ಮರತೇನು?"

"ಸಾಲಿಯವ್ರು ಬಂದು ಕರದ್ರ ಕಳಸ್ತೀನಿ ಅಂದಿದ್ಲ್ರಿ ಅವ್ವ. ಅವತ್ತ ನೀವು ಓಣ್ಯಾಗ ಬಂದೀರಂತ ಗೊತ್ತಾಗಿ ಪಾಟಿಚೀಲ ಹಾಕ್ಕೊಂಡು ಬಾಗಲದಾಗ ನಿಂತಿದ್ದೆ. ನೀವು ನೋಡಲಿಲ್ಲೇನ್ರಿ ಟೀಚರ್?"

"ಇಲ್ಲವಾ, ನೋಡಲಿಲ್ಲ" ಅಂದೆ. ನಂಬಿಬಿಟ್ಟಳು.

ನೋಡಿದ್ದೆ. ಚೀಲದ ಹರಿದ ಹಿಡಿಕೆಗೆ ಅವಳು ಹಾಕಿಕೊಂಡಿದ್ದ ಗಂಟನ್ನೂ ನೋಡಿದ್ದೆ.